ಚೋಮಿಯ ಹಕ್ಕಲು

ಮಾರ್ತಮ್ಮ ಯಾರಿಗಾದರೂ ಒಳ್ಳೆಯದು ಮಾಡಲು ಹೊರಟಳೆಂದರೆ ಮನೆಮಂದಿಗೆಲ್ಲ ಕೆಲಸ ಬಂತೆಂದೇ ಅರ್ಥ. ಹಿಂದಿನ ಮಳೆಗಾಲದಲ್ಲಿ ಎಸ್ಟೇಟಿನ ಕೂಲಿ ಲೈನುಗಳಲ್ಲಿ ಜ್ವರ ಎದ್ದಾಗ ಅವಳು ಹದಿನೈದು ದಿನ ಗಂಜಿ ಕಾಯಿಸಿ ಹಂಚಿದ್ದಳು. ಹಂಡೆ ಹೊತ್ತವನು ಮಗ ಹನೋಕ. ಸೌದೆ ಒಡೆದವನು ಗಂಡ ಯಾಕೋಬ. ಅತ್ತೆ ಸಾರಮ್ಮನ ಪಾಲಿಗೆ ಬಂದದ್ದು ಗಂಜಿಯ ಉಪ್ಪು ನೋಡುವ ಕೆಲಸ.

"ಉಪ್ಪು ಸರಿಯಾಗೈತೆ ಕಣೆ," ಎಂದಿದ್ದಳು ಮುದುಕಿ, ಸೌಟು ನೆಕ್ಕಿ. "ಸದ್ದು ಮಾತ್ರ ಒಂದು ಚಿಟಿಕೆ ಜಾಸ್ತಿ ಆಯ್ತು."

ಮಾರ್ತಮ್ಮ ಅದನ್ನು ಕೇಳಿಸಿಕೊಂಡಿರಲಿಲ್ಲ. ಒಳ್ಳೆಯದು ಮಾಡುವಾಗ ಅವಳಿಗೆ ಕಿವಿ ಮಂದ.

ಅಮ್ಮತ್ತಿಯಿಂದ ಎರಡು ಮೈಲಿ ಆಚೆ, ಕಾಫಿತೋಟಗಳ ನಡುವೆ, ಹಿಂದಿನ ಕಾಲದ ಪಾದ್ರಿಗಳು ಕಟ್ಟಿದ ಕ್ರೈಸ್ತರ ಊರು ಸಮಾಧಾನಪುರ. ನಲವತ್ತು ಮನೆ, ಒಂದು ಚರ್ಚು, ಒಂದು ಶಾಲೆ. ಸಮಾಧಾನ ಹೆಸರಿನಲ್ಲಿ ಮಾತ್ರ. ಕೊಡಗು ಮೈಸೂರಿಗೆ ಸೇರಬೇಕೋ, ಬೇರೆ ರಾಜ್ಯವಾಗಿಯೇ ಇರಬೇಕೋ ಎಂದು ಅಮ್ಮತ್ತಿಯ ಕಾಫಿ ಹೋಟೆಲುಗಳಲ್ಲಿ ಬೆಂಚು ಮುರಿಯುವಷ್ಟು ಜಗಳವಾಗುತ್ತಿದ್ದ ವರ್ಷ ಅದು. "ನನ್ನನ್ನೇನು ಕೇಳ್ತೀರಪ್ಪ, ನಾನು ಸೇರಿ ಐವತ್ತು ವರ್ಷ ಆಯ್ತು," ಎಂದು ಸಂತೆಯಲ್ಲಿ ಸಾರಮ್ಮ ಹೇಳಿದರೆ ಹಳಬರು ನಗುತ್ತಿದ್ದರು. ಅವಳು ಸೇರಿದ್ದು ವೇದಕ್ಕೆ, ಅಂದರೆ ಕ್ರೈಸ್ತ ಮತಕ್ಕೆ. ಆ ಹಳಬರು ಅವಳನ್ನು ಇಂದಿಗೂ ಕರೆಯುತ್ತಿದ್ದದ್ದು 'ಅಕ್ಕಿ ಸಾರಮ್ಮ' ಎಂದೇ.

ಯಾಕೋಬ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ಚರ್ಚಿನ ಸಭೆಯಲ್ಲಿ ಹಿರಿಯ. ಊರ ಕೆಳಗಿನ ಬಯಲಿನಲ್ಲಿ ಅವನಿಗೆ ಮೂರು ಎಕರೆ ಗದ್ದೆ. ಹುತ್ತರಿ ಕಳೆದು, ಪೈರು ಕೊಯ್ದು, ಹೊರೆ ಕಟ್ಟಿ ಕಣಕ್ಕೆ ಸಾಗಿಸಿದ ಮಾರನೆಯ ಬೆಳಿಗ್ಗೆ ಮಾರ್ತಮ್ಮ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತ ತೀರ್ಪು ಕೊಟ್ಟಳು.

"ಈ ಸಲ ಹಕ್ಕಲು ನಾವೇ ಆಯೋದು."

ಕೊಯ್ಲಾದ ಗದ್ದೆಯಲ್ಲಿ ಕೂಳೆಗಳ ನಡುವೆ ಉದುರಿ ಬಿದ್ದ ತೆನೆಗೆ ಹಕ್ಕಲು ಎನ್ನುತ್ತಾರೆ. ಅದನ್ನು ಆಯುತ್ತಿದ್ದವಳು ಕಾಡಂಚಿನ ಹಾಡಿಯ ಚೋಮಿ. ಅವಳಿಗಿಂತ ಮುಂಚೆ ಅವಳ ತಾಯಿ.

ರೊಟ್ಟಿ ಹರಿಯುತ್ತಿದ್ದ ಹನೋಕನ ಕೈ ನಿಂತಿತು. "ಯಾಕವ್ವ, ನಮ್ಮ ಪಣತದ ಭತ್ತ ಖಾಲಿಯಾಯ್ತಾ?"

"ಬಾಯಿ ಬಿಟ್ಟರೆ ಅಡ್ಡಮಾತು. ನಮಗಲ್ಲ ಕಣೋ. ಆ ವಿಧವೆ ವಾರಗಟ್ಟಲೆ ಸೊಂಟ ಮುರ್ಕೊಂಡು ಆಯ್ತಾಳೆ. ಅರ್ಧ ಗಿಳಿ ಪಾಲು, ಇನ್ನರ್ಧ ಹಂದಿ ಪಾಲು. ನಾವೇ ಚೊಕ್ಕವಾಗಿ ಆಯ್ದು, ಬಡಿದು, ಕುಟ್ಟಿ, ಒಂದು ಕುಕ್ಕೆ ತುಂಬ ಬಿಳಿ ಅಕ್ಕಿ ಮಾಡಿ ಕೊಯ್ಲಿನ ಹಬ್ಬದ ಭಾನುವಾರ ಚರ್ಚಲ್ಲಿ ಅವಳ ಕೈಗೆ ಕೊಡಬೇಕು."

"ಹೆಡ್‌ಮೇಷ್ಟ್ರ ಹೆಂಡ್ತಿ ಹೋದ ವರ್ಷ ಸೀರೆ ಕೊಟ್ಟ ಹಾಗೆ," ಎಂದ ಹನೋಕ.

"ಅವಳು ಕೊಟ್ಟಿದ್ದು ಸೀರೆ. ನಾನು ಕೊಡೋದು ಹೊಟ್ಟೆಗೆ."

"ಒಳ್ಳೇ ಯೋಚನೆ," ಎಂದ ಯಾಕೋಬ. ಹಬ್ಬದ ದಿನ ಯಾವ ಮನೆಯಿಂದ ಏನು ಕಾಣಿಕೆ ಎಂದು ಉಪದೇಶಿಯವರು ಸಭೆಗೆ ಓದಿ ಹೇಳುವ ಪಟ್ಟಿ ಅವನ ಕಣ್ಣಮುಂದೆ ಬಂದಿತ್ತು. "ಪಟ್ಟಿಯಲ್ಲಿ ಬರೆಸ್ತೀನಿ. ಅಲ್ಲೀ ತನಕ ಗದ್ದೆಗೆ ಯಾರೂ ಇಳಿಯದ ಹಾಗೆ ಮುಳ್ಳು ಹಾಕು, ಹನೋಕ."

"ನಾನು ಹಾಕಲ್ಲ."

"ಏನಂದೆ?"

"ಅವಳ ಕೆಲಸ ಕಿತ್ಕೊಂಡು ಅವಳಿಗೇ ಕೂಳು ಹಾಕೋ ಬೇಲಿ. ನಾನು ಹಾಕಲ್ಲ." ಅವನು ತಟ್ಟೆ ಸರಿಸಿ, ಬಡಗಿ ಕೆಲಸದ ಚೀಲ ಹೆಗಲಿಗೇರಿಸಿ ಅಮ್ಮತ್ತಿಯ ದಾರಿ ಹಿಡಿದ. ಉಳಿದ ಅರ್ಧ ರೊಟ್ಟಿಯನ್ನು ಸಾರಮ್ಮ ತನ್ನ ತಟ್ಟೆಗೆ ಹಾಕಿಕೊಂಡಳು. ಕೊನೆಗೆ ಯಾಕೋಬನೇ ಮುಳ್ಳುಕೊಂಬೆ ಕಡಿದು, ಗದ್ದೆಗೆ ಇಳಿಯುವ ತಡಮೆಯ ಬಾಯಿಗೂ ಬದುವಿನ ಉದ್ದಕ್ಕೂ ಒಟ್ಟಿದ. ಮೂರು ಕಡೆ ಕೈ ಗೀರಿಕೊಂಡ.

ಎರಡು ದಿನ ಬಿಟ್ಟು ಚೋಮಿ ಹಿತ್ತಿಲಿಗೆ ಬಂದಳು. ಸೊಂಟದಲ್ಲಿ ಖಾಲಿ ಕುಕ್ಕೆ.

"ಗದ್ದೆಗೆ ಮುಳ್ಳು ಹಾಕವ್ರೆ ಅಮ್ಮೋರೆ. ಹಂದಿ ಕಾಟವಾ?"

"ಹಂದಿಗಲ್ಲ ಚೋಮಿ, ನಿನಗೆ!" ಎಂದಳು ಮಾರ್ತಮ್ಮ ನಗುತ್ತ. ಆಡಿದ ಮೇಲೆ ಮಾತು ಸೊಟ್ಟಗೆ ಬಿತ್ತೆನಿಸಿ, ಬೆಲ್ಲದ ಕಾಫಿ ತಂದುಕೊಟ್ಟು, ಇಡೀ ಏರ್ಪಾಡನ್ನು ಬಿಡಿಸಿ ಹೇಳಿದಳು. ಬಗ್ಗುವುದು ಬೇಡ, ಬಡಿಯುವುದು ಬೇಡ. ಹಬ್ಬದ ಭಾನುವಾರ ಬಂದರೆ ಸಾಕು. ಪಾದ್ರಿ ಅಯ್ಯನವರೇ ಕೈಯಾರೆ ಎತ್ತಿ ಕೊಡುತ್ತಾರೆ.

"ಚರ್ಚೊಳಕ್ಕಾ?"

"ಹೂಂ ಮತ್ತೆ. ಎಲ್ಲರ ಎದುರಿಗೆ. ನಾಚ್ಕೋಬೇಡ, ನಾನಿರ್ತೀನಿ."

ಚೋಮಿ ಕಾಫಿಯ ಲೋಟವನ್ನು ಎರಡು ಕೈಯಲ್ಲಿ ತಿರುಗಿಸುತ್ತ ನಿಂತಳು. "ಹಕ್ಕಲು ನಂದಲ್ವಾ ಅಮ್ಮೋರೆ?"

"ನಿಂದೇ ಕಣೆ! ನಿನಗೇ ಕೊಡೋದು ಅಂದ್ನಲ್ಲ."

"ನಂದನ್ನ ನಂಗೆ..." ಎಂದವಳು ಲೋಟ ತೊಳೆದಿಟ್ಟು ಹೊರಟಳು. ಕೃತಜ್ಞತೆಗೆ ಮಾತು ಹೊರಡಲಿಲ್ಲ, ಪಾಪ, ಎಂದುಕೊಂಡಳು ಮಾರ್ತಮ್ಮ. ಅಂದು ಇಡೀ ದಿನ ಅವಳು ಗುನುಗುತ್ತಲೇ ಕೆಲಸ ಮಾಡಿದಳು.

ಗುನುಗು ಮರುದಿನ ಗದ್ದೆಗಿಳಿದ ಮೇಲೆ ಒಂದು ಗಳಿಗೆಯೂ ಬಾಳಲಿಲ್ಲ.

ಕಾಫಿ ಪಿಕಿಂಗಿನ ಕಾಲ. ಆಳು ಕೇಳಿದರೆ ಯಾರೂ ಸಿಗುವುದಿಲ್ಲ, ಆಳಿಟ್ಟು ಹಕ್ಕಲು ಆಯಿಸಿದರೆ ಊರು ನಗುತ್ತದೆ. ಮಾರ್ತಮ್ಮ ಸೆರಗು ಕಟ್ಟಿ ತಾನೇ ಬಗ್ಗಿದಳು. ಇಬ್ಬನಿಗೆ ಕೂಳೆ ಒದ್ದೆ. ಬಿಸಿಲು ಏರಿದರೆ ಅದೇ ಕೂಳೆ ಕಾಲಿಗೆ ಸೂಜಿ. ಒಂದು ತೆನೆ ಕಂಡರೆ ಮುಂದಿನದು ನಾಲ್ಕು ಹೆಜ್ಜೆ ಆಚೆ. ಮಧ್ಯಾಹ್ನದ ಹೊತ್ತಿಗೆ ಅವಳ ಕುಕ್ಕೆಯ ತಳ ಮುಚ್ಚಿರಲಿಲ್ಲ.

ಬದುವಿನ ಮೇಲೆ ಕೋಲು ಊರಿ ಕೂತಿದ್ದ ಸಾರಮ್ಮ ಎಲೆಯಡಿಕೆ ಅಗಿಯುತ್ತ ನೋಡುತ್ತಿದ್ದಳು.

"ಕೀಳಬೇಡ ಕಣೆ, ಕಾಳು ಉದುರ್ತದೆ. ಹೆಬ್ಬೆರಳು ಕೆಳಗೆ ಹಾಕಿ ಎತ್ತು."

"ನಿಮಗೆ ಹೇಗೆ ಗೊತ್ತು ಅತ್ತೆ?"

"ಹುಟ್ಟುತ್ಲೇ ನಿಮ್ಮ ಮನೆ ಅತ್ತೆಯಾಗಿ ಹುಟ್ಟಿದ್ನಾ? ಮದುವೆ ತನಕ ನಮ್ಮವ್ವನ ಹಿಂದೆ ಆಯ್ದಿದ್ದು ಇದನ್ನೇ. ಬದುವಿನ ಬುಡ ನೋಡು. ಹೊರೆ ಎತ್ತುವಾಗ ಅಲ್ಲೇ ಜಾಸ್ತಿ ಬೀಳೋದು. ಅಯ್ಯೋ, ಅದು ತೆನೆಯಲ್ಲ, ಹುಲ್ಲು!"

ಐದು ದಿನ ಹೀಗೆ ನಡೆಯಿತು. ಸಂಜೆ ಹೊತ್ತು ಮಾರ್ತಮ್ಮ ಗೋಡೆ ಹಿಡಿದು ಕೂರುವಳು, ಗೋಡೆ ಹಿಡಿದು ಏಳುವಳು. ಹುರುಳಿ ಸಾರಿಗೆ ಉಪ್ಪು ಮರೆತು ಹೋಗುವಷ್ಟು ಸುಸ್ತು. ಆದರೂ ಆಯ್ದ ತೆನೆಯನ್ನು ಮುಷ್ಟಿ ಮುಷ್ಟಿಯಾಗಿ ಕಟ್ಟಿ ಅಟ್ಟದ ಬಿದಿರಿಗೆ ನೇತುಹಾಕುವಾಗ ಅವಳ ಮುಖ ಅರಳುತ್ತಿತ್ತು. ಬಿಟ್ಟುಕೊಡುವ ಹೆಂಗಸಲ್ಲ ಅವಳು.

"ಹಬ್ಬದ ಹಿಂದಿನ ದಿನ ಎಲ್ಲಾ ಒಟ್ಟಿಗೆ ಬಡಿದು ಕುಟ್ಟಿದರೆ ಅಕ್ಕಿ ಘಮ್ಮಂತದೆ," ಎಂದಳು.

"ಪಟ್ಟಿಯಲ್ಲಿ ಮೂರನೇ ಹೆಸರು ನಮ್ಮದು," ಎಂದ ಯಾಕೋಬ. "'ಯಾಕೋಬನವರ ಮನೆಯಿಂದ, ಬಡ ವಿಧವೆ ಚೋಮಿಗೆ, ಅಕ್ಕಿ ಒಂದು ಕುಕ್ಕೆ.' ಅಯ್ಯನವರು ಓದಿ ಬಹಳ ಸಂತೋಷಪಟ್ರು."

ಹನೋಕ ಉಳಿ ಮಸೆಯುತ್ತಲೇ ಇದ್ದ. ಅವನು ಆಡದಿದ್ದರೆ ಒಳಗೆ ಏನೋ ಕುದಿಯುತ್ತಿದೆ ಎಂದು ತಾಯಿಗೆ ಗೊತ್ತಿತ್ತು. ಅದು ಉಕ್ಕಿದ್ದು ಆ ವಾರದ ಕೊನೆಯಲ್ಲಿ, ಊಟಕ್ಕೆ ಮುಂಚಿನ ಮನೆಪ್ರಾರ್ಥನೆಯಲ್ಲಿ.

ಅಂದು ಓದುವ ಸರದಿ ಅವನದು. ದೀಪದ ಮುಂದೆ ಕೂತು ವೇದಪುಸ್ತಕ ಬಿಚ್ಚಿದವನು ಗುರುತಿನ ಎಳೆಯಿದ್ದ ಪುಟ ಬಿಟ್ಟು ಹಿಂದಕ್ಕೆ, ಹಿಂದಕ್ಕೆ ಮಗುಚಿದ. ಹಳೆಯ ಕಟ್ಟಳೆಗಳ ಭಾಗ. ಪೈರು ಕೊಯ್ಯುವಾಗ ಗದ್ದೆಯ ಅಂಚಿನವರೆಗೂ ಬಳಿದುಕೊಳ್ಳಬಾರದು, ಬಿದ್ದ ತೆನೆಗೆ ಯಜಮಾನ ಕೈ ಹಾಕಬಾರದು, ಅದು ಬಡವನದು, ಪರದೇಶಿಯದು ಎಂಬಲ್ಲಿಗೆ ಬಂದು, ಒಂದೊಂದೇ ಮಾತನ್ನು ಮೊಳೆ ಹೊಡೆದಂತೆ ಓದಿದ. ಓದಿ ಮುಚ್ಚಿದ.

"ಇದು ಇವತ್ತಿನ ಭಾಗ ಅಲ್ಲ," ಎಂದ ಯಾಕೋಬ.

"ಇವತ್ತಿಂದೇ ಅಪ್ಪ. ಯಜಮಾನ ಆಯ್ದು ಕೊಡಲಿ ಅಂತ ಎಲ್ಲಾದರೂ ಇದೆಯಾ? ಬಿಟ್ಟುಬಿಡಿ ಅಂತ ಇದೆ. ಬಿಡೋದೇ ಕರುಣೆ. ಹಕ್ಕಲು ಅನ್ನೋ ಮಾತಲ್ಲೇ ಹಕ್ಕು ಇದೆ!"

"ಆರನೇ ಕ್ಲಾಸಿಗೆ ಶಾಲೆ ಬಿಟ್ಟೋನು ನನಗೆ ವೇದ ಹೇಳಿಕೊಡ್ತೀಯಾ?"

"ಆರನೇ ಕ್ಲಾಸಿನವನಿಗೇ ಅರ್ಥ ಆಗೋ ಹಾಗೆ ಬರೆದಿದ್ದಾರೆ. ನಾನೇನು ಮಾಡ್ಲಿ?"

"ಹನೋಕ!" ಎಂದಳು ಮಾರ್ತಮ್ಮ. "ಐದು ದಿನ ಬಗ್ಗಿದ್ದು ನನ್ನ ಸೊಂಟ ಕಣೋ, ನಿಂದಲ್ಲ. ಯಾರಿಗೋಸ್ಕರ? ನನಗೋಸ್ಕರವಾ?"

"ನಿನಗೋಸ್ಕರವೇ ಅವ್ವ. ಕರುಣೆ ತೋರಿಸೋಕೆ ನಿನಗೆ ಬೆಂಚು ತುಂಬ ಜನ ಬೇಕು. ಇಲ್ಲದಿದ್ರೆ ಆ ಅಕ್ಕಿ ಇಲ್ಲೇ ಹಿತ್ತಿಲಲ್ಲೇ ಕೊಡಬಹುದಿತ್ತಲ್ಲ?"

ಅವಳ ಕೈ ಎದ್ದಿತು. ಸೊಂಟದ ನೋವಿಗೆ ಅರ್ಧಕ್ಕೇ ನಿಂತಿತು. ಒಲೆಯ ಮೇಲೆ ಒಣಮೀನಿನ ಸಾರು ಕೊತಕೊತ ಎನ್ನುತ್ತಿತ್ತು.

"ಯಾರಾದ್ರೂ ಆಮೆನ್ ಅನ್ನಿ," ಎಂದಳು ಸಾರಮ್ಮ. "ಸಾರು ತಳ ಹಿಡೀತದೆ."

ಹಬ್ಬಕ್ಕೆ ನಾಲ್ಕು ದಿನ ಉಳಿದಿದ್ದಾಗ ಮಾರ್ತಮ್ಮ ಒನಕೆ ಹುಡುಕುತ್ತ ಹಿತ್ತಿಲಿಗೆ ಹೋದಳು. ಕೊಟ್ಟಿಗೆಯ ಆಚೆ ಮಾತು ಕೇಳಿಸಿತು. ಚೋಮಿಯದು, ಸಾರಮ್ಮನದು. ಕದ್ದು ಕೇಳುವ ಅಭ್ಯಾಸ ಅವಳಿಗಿರಲಿಲ್ಲ. ತನ್ನ ಹೆಸರು ಬಂದದ್ದರಿಂದ ನಿಂತಳು.

"ಗೋಣಿಕೊಪ್ಪಲ ಕಡೆ ಹಾಡಿಯವರು ಸಾರಜ್ಜಿ, ಗಂಡಿನವರು," ಎನ್ನುತ್ತಿದ್ದಳು ಚೋಮಿ. ಅವಳ ದನಿಯಲ್ಲಿ ಅಳುವಿರಲಿಲ್ಲ, ದಾರಿ ಹೇಳುವವಳ ಹಾಗೆ ಸಪಾಟಾಗಿತ್ತು. "ಸಂತೇಲಿ ಯಾರೋ ಅಂದವ್ರೆ, ಚೋಮಿ ಚರ್ಚಿಗೆ ಹೋಗಿ ಅಕ್ಕಿ ತಗೋತಾಳೆ, ವೇದಕ್ಕೆ ಸೇರ್ತಾಳೆ ಅಂತ. ಸೇರೋದಾದ್ರೆ ಸೇರ್ಲಿ, ನಮಗೆ ಹೆಣ್ಣು ಬೇಡ ಅಂತ ಹೇಳಿ ಕಳಿಸವ್ರೆ. ಹುಣ್ಣಿಮೆಗೆ ಮಗಳ ಮದುವೆ. ಬೊಳ್ಳಿ ಮೂರು ದಿನದಿಂದ ಉಂಡಿಲ್ಲ."

"ಹೋಗಬೇಡ ಮತ್ತೆ."

"ಹೋಗದಿದ್ರೆ ಮದುವೆಗೆ ಬಂದೋರಿಗೆ ಏನು ಬಡಿಸ್ಲಿ? ಹಕ್ಕಲು ನಂಬ್ಕೊಂಡೇ ದಿನ ಇಟ್ಟಿದ್ದು. ಹೋದ್ರೆ ಗಂಡಿಲ್ಲ, ಹೋಗದಿದ್ರೆ ಅನ್ನ ಇಲ್ಲ. ಅದೂ ಅಲ್ದೆ ಬರಲ್ಲ ಅಂದ್ರೆ ಅಮ್ಮೋರು ನೊಂದ್ಕೋತಾರೆ. ನಾಳೆ ನಾಟಿಗೆ ಕರೀದಿದ್ರೆ?"

ಮಾರ್ತಮ್ಮ ಕೊಟ್ಟಿಗೆ ದಾಟಿ ಬಂದಳು. ಚೋಮಿ ದಡಕ್ಕನೆ ಎದ್ದು ನಿಂತಳು.

"ನನಗೆ ಯಾಕೆ ಹೇಳಲಿಲ್ಲ ಚೋಮಿ? ನಾನೇನು ಹುಲಿಯಾ?"

ಚೋಮಿ ನೆಲ ನೋಡಿದಳು. "ನೀವು ಒಳ್ಳೇದು ಮಾಡ್ತಾ ಇದ್ರಿ ಅಮ್ಮೋರೆ. ನಡುವೆ ಬಾಯಿ ಹಾಕೋದು ಹೆಂಗೆ?"

ಅಷ್ಟು ಹೇಳಿ ಅವಳು ಹೊರಟೇ ಹೋದಳು. ಮಾರ್ತಮ್ಮ ಒರಳಿನ ಅಂಚಿನ ಮೇಲೆ ಕುಳಿತಳು.

"ವೇದಕ್ಕೆ ಸೇರು ಅಂತ ನಾನೆಲ್ಲಿ ಅಂದೆ ಅತ್ತೆ? ಬರೀ ಅಕ್ಕಿ."

"ನನ್ನನ್ನ ಅಕ್ಕಿ ಸಾರಮ್ಮ ಅಂತಾರಲ್ಲ, ಕೇಳಿದ್ದೀಯ. ಯಾಕೆ ಅಂತ ಯಾವತ್ತಾದ್ರೂ ಕೇಳಿದ್ಯಾ?"

ಮಾರ್ತಮ್ಮ ಕೇಳಿರಲಿಲ್ಲ. ಮನೆಗೆ ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷವಾಗಿತ್ತು.

"ನಾವು ಹಸಿದ ವರ್ಷ," ಎಂದಳು ಮುದುಕಿ. "ಮಿಷನ್ ಜಗಲಿ ಮೇಲೆ ನಿಲ್ಲಿಸಿ ಎರಡು ಸೇರು ಅಕ್ಕಿ ಕೊಟ್ರು. ಒಳ್ಳೇ ಜನ, ಒಳ್ಳೇ ಮನಸ್ಸು. ಜಗಲಿ ಕೆಳಗೆ ನಮ್ಮೋರೆಲ್ಲ ನಿಂತು ನೋಡಿದ್ರು. ಅವತ್ತಿನಿಂದ ನನ್ನ ತಂಗಿ ನನ್ನ ಕೈಯ ನೀರು ಮುಟ್ಟಲಿಲ್ಲ. ಸಾಯೋವಾಗ್ಲೂ ಮುಟ್ಟಲಿಲ್ಲ. ನಾನು ದೇವರನ್ನ ನಂಬಿದ್ದು ಅದಾಗಿ ಆರೇಳು ವರ್ಷಕ್ಕೆ, ನನ್ನ ಪಾಡಿಗೆ ನಾನು, ಯಾರೂ ಏನೂ ಕೊಡದೆ ಇದ್ದಾಗ. ಅದನ್ನ ಒಬ್ರೂ ನಂಬಲ್ಲ. ಎರಡು ಸೇರು ಅಕ್ಕಿ ನನ್ನ ನಂಬಿಕೆ ಮೇಲೆ ಇವತ್ತಿಗೂ ಕೂತೈತೆ."

"ಮೊದಲೇ ಹೇಳಬಾರದಿತ್ತಾ?"

"ಹೇಳ್ದೆ. ಸದ್ದು ಜಾಸ್ತಿ ಆಯ್ತು ಅಂತ ಎಷ್ಟು ಸಲ ಹೇಳಿಲ್ಲ?"

ಮಾರ್ತಮ್ಮ ಅಳಲಿಲ್ಲ. ಕೂತು ಅಳುವುದು ಅವಳಿಗೆ ಯಾವತ್ತೂ ಕೆಲಸಗಳ್ಳತನವಾಗಿ ಕಾಣುತ್ತಿತ್ತು. ಸಂಜೆ ಯಾಕೋಬ ಎಸ್ಟೇಟಿನಿಂದ ಬಂದು ಕಾಲು ತೊಳೆಯುವ ಮುಂಚೆಯೇ ವಿಷಯ ಮುಂದಿಟ್ಟಳು.

"ರೀ, ಪಟ್ಟಿಯಿಂದ ಚೋಮಿ ಹೆಸರು ಹೊಡೆಸಿ."

ಎಲ್ಲವನ್ನೂ ಕೇಳಿಸಿಕೊಂಡು ಅವನು ಮುಖ ಗಂಟಿಕ್ಕಿದ. "ಉಪದೇಶಿಯವರು ಮಸಿಯಲ್ಲಿ ಬರೆದಾಗಿದೆ."

"ಮಸಿ ಏನು ಮೋಶೆ ತಂದ ದೇವರಾಜ್ಞೆ ಕಲ್ಲಾ, ಹೊಡೆಯೋಕೆ ಬರದೆ ಇರೋಕೆ?"

"ಸಭೆ ಹಿರಿಯ ಕೊಡ್ತೀನಿ ಅಂದು ಕೊಡಲಿಲ್ಲ ಅಂದ್ರೆ ನನ್ನ ಮಾನ ಏನಾಗ್ಬೇಕು? ಹೆಡ್‌ಮೇಷ್ಟ್ರು ನಗ್ತಾರೆ."

"ನಿಮ್ಮ ಮಾನಕ್ಕೆ ಬರೋ ವರ್ಷನೂ ಹಬ್ಬ ಬರ್ತದೆ. ಆ ಹುಡುಗಿಗೆ ಇರೋದು ಈ ಹುಣ್ಣಿಮೆ ಒಂದೇ."

"ನೋಡೋಣ," ಎಂದ ಯಾಕೋಬ. ಅವನ 'ನೋಡೋಣ'ಕ್ಕೆ ಆ ಮನೆಯಲ್ಲಿ ಒಂದೇ ಅರ್ಥವಿತ್ತು. ಅವನು ಉಪದೇಶಿಯ ಮನೆಗೆ ಹೋಗಲಿಲ್ಲ. ಮಾರ್ತಮ್ಮ ಶನಿವಾರ ಭತ್ತ ಬಡಿಯಲಿಲ್ಲ, ಒನಕೆ ಮುಟ್ಟಲಿಲ್ಲ. ಯಾಕೋಬ ಅಟ್ಟದ ಕಡೆ ಎರಡು ಸಲ ನೋಡಿದ, ಕೇಳುವ ಧೈರ್ಯವಾಗಲಿಲ್ಲ. ಕೊನೆಗೆ ತಮ್ಮ ಪಣತದಿಂದಲೇ ಭತ್ತ ತೆಗೆದು ಮಿಲ್ಲಿಗೆ ಕೊಟ್ಟು, ಒಂದು ಕುಕ್ಕೆ ಅಕ್ಕಿ ತುಂಬಿಸಿ ಚರ್ಚಿಗೆ ಕಳಿಸಿಬಿಟ್ಟ.

ಹಬ್ಬದ ಭಾನುವಾರ ಚರ್ಚಿನ ಬಲಿಪೀಠದ ಮುಂದೆ ಬಾಳೆಗೊನೆ, ಕಿತ್ತಳೆ, ಕರಿಮೆಣಸಿನ ಗೊಂಚಲು, ಕಾಲು ಕಟ್ಟಿದ ಕೋಳಿ, ಎಲ್ಲದರ ನಡುವೆ ಆ ಬಿಳಿ ಅಕ್ಕಿಯ ಕುಕ್ಕೆ. ಆರಾಧನೆ ಮುಗಿದ ಮೇಲೆ ಕಾಣಿಕೆಗಳ ಹರಾಜು. ಹರಾಜಿಗೆಂದು ಅಮ್ಮತ್ತಿಯ ವ್ಯಾಪಾರಿ ಚನ್ನಮಲ್ಲಪ್ಪನಂಥ ಹೊರಗಿನವರೂ ಬಂದು ಕಿಟಕಿಯ ಆಚೆ ನಿಂತಿದ್ದರು. ಅವರ ಹಿಂದೆ ಗೋಡೆಗೊರಗಿ ಹಾಡಿಯ ಇಬ್ಬರು ಗಂಡಸರು. ಮಾರ್ತಮ್ಮ ಅವರನ್ನು ಹಿಂದೆ ನೋಡಿರಲಿಲ್ಲ. ಗಂಡಿನವರೆಂದು ಯಾರೂ ಹೇಳಬೇಕಾಗಿಯೂ ಇರಲಿಲ್ಲ. ಎಷ್ಟೋ ದೂರದಲ್ಲಿ, ಹಲಸಿನ ಮರದ ಬುಡದಲ್ಲಿ, ಚೋಮಿ ನಿಂತಿದ್ದಳು. ಬಂದಳೆಂದೂ ಹೇಳಲಾಗದು, ಬರಲಿಲ್ಲವೆಂದೂ ಹೇಳಲಾಗದು, ಅಷ್ಟು ದೂರ.

ಉಪದೇಶಿಯವರು ಪಟ್ಟಿ ಓದಿದರು. ಮೊದಲನೆಯ ಮನೆ, ಎರಡನೆಯ ಮನೆ. "ಯಾಕೋಬನವರ ಮನೆಯಿಂದ, ಬಡ ವಿಧವೆ ಚೋಮಿಗೆ..."

"ನಿಲ್ಲಿಸಿ ಸ್ವಾಮಿ," ಎಂದಳು ಮಾರ್ತಮ್ಮ.

ಹೆಂಗಸರ ಕಡೆಯಿಂದ ಅಂಥ ದನಿ ಆ ಚರ್ಚಿನಲ್ಲಿ ಹಾಡು ಬಿಟ್ಟರೆ ಕೇಳಿದ್ದೇ ಇಲ್ಲ. ಅವಳು ಎದ್ದು ನಿಂತಿದ್ದಳು. ದನಿ ಹಂಡೆ ಹೊತ್ತವರನ್ನು ಕೂಗುವ ಅದೇ ದನಿ. ಕಿಟಕಿಯ ಆಚೆಗೂ, ಹಲಸಿನ ಮರದವರೆಗೂ ಕೇಳುವಂಥದ್ದು.

"ಅದು ತಪ್ಪು ಬರೆದಿದೆ. ಚೋಮಿ ನಮ್ಮ ಸಭೆಯವಳಲ್ಲ, ನಮ್ಮ ಹತ್ರ ಅಕ್ಕಿ ಕೇಳಿದವಳೂ ಅಲ್ಲ. ನಮ್ಮ ಗದ್ದೆ ಹಕ್ಕಲು ಅವಳದು. ನಾನು ಮುಳ್ಳು ಹಾಕಿಸಿ ಅವಳದನ್ನ ಎತ್ತಿಟ್ಕೊಂಡೆ. ಅದನ್ನೇ ಅವಳಿಗೆ ದಾನ ಕೊಡೋಕೆ ಹೊರಟಿದ್ದೆ. ಅವಳಿಗೆ ನಾನು ಕೊಡೋದೇನೂ ಇಲ್ಲ, ವಾಪಸು ಮಾಡೋದಿದೆ. ಅದನ್ನ ಗದ್ದೇಲೇ ಮಾಡ್ತೀನಿ."

ಯಾಕೋಬ ಗಂಡಸರ ಕಡೆ ಮುಂದಿನ ಬೆಂಚಿನಲ್ಲಿ ತಲೆ ತಗ್ಗಿಸಿದ್ದ. ಅವನ ಕಿವಿ ಕೆಂಪಗಾದದ್ದು ಹಿಂದಿನ ಬೆಂಚಿಗೂ ಕಾಣಿಸಿತು.

ವಯಸ್ಸಾದ ಅಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಾದರೆ ಪಟ್ಟಿಯಲ್ಲಿ ನಿಮ್ಮ ಮನೆಗೆ ಏನು ಬರೆಯೋಣ ಮಾರ್ತಮ್ಮ?"

ಅವಳು ಅದನ್ನು ಯೋಚಿಸಿರಲಿಲ್ಲ. "ಈ ಅಕ್ಕಿ ಎಲ್ಲರ ಊಟಕ್ಕೆ ಹಾಕ್ಕೊಳ್ಳಿ, ಹೆಸರು ಓದಬೇಡಿ. ಹರಾಜಿಗೆ... ಒಂದು ಕುಂಬಳಕಾಯಿ ಬರ್ಕೊಳ್ಳಿ. ಮನೇಲಿದೆ, ತರಿಸ್ತೀನಿ."

ಚರ್ಚು ಗೊಳ್ಳೆಂದು ನಕ್ಕಿತು. ಕಿಟಕಿಯ ಆಚೆ ಚನ್ನಮಲ್ಲಪ್ಪ, "ಆ ಕುಂಬಳಕಾಯಿ ನನಗೇ ಇರಲಿ, ಬಾಯಿರೋ ಮನೇದು!" ಎಂದ. ಗೋಡೆಗೊರಗಿದ್ದ ಇಬ್ಬರು ಮುಖ ಮುಖ ನೋಡಿಕೊಂಡರು. ಆಮೇಲೆ ಮಾರ್ತಮ್ಮ ನೋಡುವ ಹೊತ್ತಿಗೆ ಅವರು ಹಲಸಿನ ಮರದ ಬುಡದಲ್ಲಿದ್ದರು.

ಮಧ್ಯಾಹ್ನ ಮನೆಯಲ್ಲಿ ಕೋಳಿಸಾರು, ಕಡುಬು. ಯಾಕೋಬ ಮಾತು ಬಿಟ್ಟಿದ್ದ, ಊಟ ಬಿಟ್ಟಿರಲಿಲ್ಲ. ಹನೋಕ ತನ್ನ ಪಾಲಿಗೆ ಬಂದ ಕೋಳಿಯ ತೊಡೆಯನ್ನು ಎತ್ತಿ ಸುಮ್ಮನೆ ತಾಯಿಯ ತಟ್ಟೆಗೆ ಹಾಕಿದ. ಅವಳು ಅದನ್ನು ವಾಪಸು ಅವನ ತಟ್ಟೆಗೆ ಹಾಕಿದಳು. ಮೂರನೆಯ ಸಲಕ್ಕೆ ಸಾರಮ್ಮ ಕೈ ಚಾಚಿ ಅದನ್ನು ತಾನೇ ತೆಗೆದುಕೊಂಡಳು.

"ಉಪ್ಪು ಹೇಗಿದೆ ಅತ್ತೆ?" ಎಂದಳು ಮಾರ್ತಮ್ಮ.

"ಉಪ್ಪು ಸರಿಯಾಗೈತೆ."

"ಸದ್ದು?"

"ಸದ್ದು ಜಾಸ್ತಿನೇ," ಎಂದಳು ಮುದುಕಿ ಅಗಿಯುತ್ತ. "ಇವತ್ತು ಬೇಕಿತ್ತು."

ಸೋಮವಾರ ಇಬ್ಬನಿ ಆರುವ ಮುಂಚೆ ತಾಯಿಮಗ ಅಟ್ಟದಿಂದ ತೆನೆಯ ಕಟ್ಟುಗಳನ್ನೆಲ್ಲ ಇಳಿಸಿ, ಎರಡು ಕುಕ್ಕೆಗೆ ತುಂಬಿ ಗದ್ದೆಗೆ ಹೊತ್ತರು. ತಡಮೆಯ ಹತ್ತಿರ ಯಾರೋ ಕತ್ತಿಯಿಂದ ಮುಳ್ಳುಕೊಂಬೆ ಎಳೆದು ಆಚೆ ಎಸೆಯುತ್ತಿದ್ದರು. ಯಾಕೋಬ. ಎಸ್ಟೇಟಿಗೆ ಹೊರಟ ಬಟ್ಟೆಯಲ್ಲೇ ಇದ್ದ.

"ಚುಚ್ಚಿತಾ?" ಎಂದಳು ಮಾರ್ತಮ್ಮ.

"ಹಾಕುವಾಗ ಮೂರು ಕಡೆ, ತೆಗೆಯುವಾಗ ಐದು ಕಡೆ." ಚರ್ಚಿನಿಂದ ಬಂದ ಮೇಲೆ ಅವನಾಡಿದ ಮೊದಲ ಮಾತು. ಬೆರಳು ಬಾಯಿಗಿಟ್ಟು ಚೀಪಿ, ಮತ್ತೆ ಕೇಳಿದ. "ಬರೋ ವರ್ಷ ಪಟ್ಟಿಯಲ್ಲಿ ಏನು ಬರೆಸೋದು?"

"ಎರಡು ಕುಂಬಳಕಾಯಿ."

ಅವನ ಮೀಸೆಯ ಒಂದು ತುದಿ ಅಲುಗಿತು. ಕೊನೆಯ ಕೊಂಬೆ ಎಳೆದು ಹಾಕಿ ಎಸ್ಟೇಟಿನ ದಾರಿ ಹಿಡಿದ.

ಮಾರ್ತಮ್ಮ ಕಟ್ಟು ಬಿಚ್ಚಿ ತೆನೆಯನ್ನು ಕೂಳೆಗಳ ನಡುವೆ ಹರಡುತ್ತ ಹೋದಳು. ಐದು ದಿನ ಬಗ್ಗಿ ಎತ್ತಿದ್ದನ್ನು ಅರ್ಧ ಬೆಳಿಗ್ಗೆಯಲ್ಲಿ ಬಗ್ಗಿ ಇಟ್ಟಳು. ಹನೋಕ ಬಿತ್ತನೆಯವನ ಹಾಗೆ ಬೀಸಿ ಎಸೆಯುತ್ತಿದ್ದ. "ಮೆಲ್ಲಗೆ ಕಣೋ, ಕಾಳು ಉದುರ್ತದೆ!" ಎಂದು ಅವಳೂ ಬದುವಿನ ಮೇಲಿದ್ದ ಸಾರಮ್ಮನೂ ಒಟ್ಟಿಗೇ ಕೂಗಿದರು.

ಮುಳ್ಳು ತೆಗೆದ ಸುದ್ದಿಯನ್ನು ಸಾರಮ್ಮ ಆಗಲೇ ಹಾಡಿಗೆ ಮುಟ್ಟಿಸಿದ್ದಳು. ಬಿಸಿಲು ಏರುವ ಹೊತ್ತಿಗೆ ಚೋಮಿ ಬಂದಳು, ಹಿಂದೆ ಮಗಳು ಬೊಳ್ಳಿ. ಇಬ್ಬರ ಸೊಂಟದಲ್ಲೂ ಕುಕ್ಕೆ. ಬದುವಿನ ಮೇಲೆ ನಿಂತು ಚೋಮಿ ಗದ್ದೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ಅವಳ ಹುಬ್ಬು ಮೇಲೇರಿತು.

"ಇದ್ಯಾರು ಹರಡಿದ್ದು ಅಮ್ಮೋರೆ?"

"ಯಾಕೆ? ಬಿದ್ದಿದ್ದು ಅದು."

"ಬಿದ್ದ ತೆನೆ ಎಲ್ಲಾ ಒಂದೇ ಕಡೆ ತಲೆ ಹಾಕಿ ಮಲಗ್ತದಾ? ಚರ್ಚಲ್ಲಿ ಬೆಂಚು ಇಟ್ಟಂಗೆ ಇಟ್ಟೀರಿ!"

ಬೊಳ್ಳಿ ಕಿಸಕ್ಕೆಂದಳು. ಹನೋಕ ಬಾಯಿಗೆ ಕೈ ಅಡ್ಡ ಹಿಡಿದ. ಮಾರ್ತಮ್ಮನಿಗೆ ಸಿಟ್ಟು ಬರಬೇಕಿತ್ತು. ನಗು ಬಂತು.

"ಆ ಮೂಲೆಗೆ ಒಂದೂ ಹಾಕಿಲ್ಲ ನೋಡಿ," ಎಂದಳು ಚೋಮಿ, ಗದ್ದೆಗೆ ಇಳಿಯುತ್ತ. "ಹಕ್ಕಲು ಮೂಲೇಲೇ ಜಾಸ್ತಿ ಇರೋದು."

"ಗಂಡಿನವರು ಏನಂದ್ರು?"

"ನಿನ್ನೆ ಸಂಜೆಯೇ ಬಂದು ವೀಳ್ಯ ಇಟ್ಟು ಹೋದ್ರು. ಅಷ್ಟು ಬಾಯಿರೋ ಹೆಂಗಸೇ ಚೋಮಿ ಸಭೆಯವಳಲ್ಲ ಅಂದ್ಮೇಲೆ ಅಲ್ಲ ಅಂತಲೇ ಅಂದ್ರು."

ತಾಯಿಮಗಳು ಬಗ್ಗಿದರು. ನಾಲ್ಕು ಕೈ ಮಿಂಚಿನ ಹಾಗೆ. ಹೆಬ್ಬೆರಳು ಕೆಳಗೆ, ತೆನೆ ಮೇಲೆ, ಒಂದು ಕಾಳೂ ಉದುರದೆ. ಮಾರ್ತಮ್ಮ ಐದು ದಿನ ತೆಗೆದುಕೊಂಡ ಕೆಲಸ ಮಧ್ಯಾಹ್ನದ ಗಂಜಿಯ ಹೊತ್ತಿಗೆ ಮುಗಿದುಹೋಯಿತು. ತುಂಬಿದ ಕುಕ್ಕೆಯನ್ನು ಚೋಮಿ ತಾನೇ ತಲೆಗೇರಿಸಿಕೊಂಡಳು. ಯಾರನ್ನೂ ಕೈ ಕೊಡಿ ಎನ್ನಲಿಲ್ಲ. ಕೈಮುಗಿಯಲಿಲ್ಲ, ನಿಮ್ಮ ಹೊಟ್ಟೆ ತಣ್ಣಗಿರಲಿ ಎಂದು ಹರಸಲಿಲ್ಲ. ಇಪ್ಪತ್ತಾರು ವರ್ಷ ಕೈಮುಗಿಸಿಕೊಂಡು ರೂಢಿಯಾಗಿದ್ದ ಮಾರ್ತಮ್ಮನ ಎರಡು ಅಂಗೈ, ಎದುರು ಮುಗಿಯಲೆಂದು ಅರ್ಧ ಎದ್ದು, ಸೆರಗಿಗೆ ಒರೆಸಿಕೊಂಡವು.

ತಡಮೆ ದಾಟಿದ ಮೇಲೆ ಚೋಮಿ ತಲೆಯ ಹೊರೆ ಅಲುಗದ ಹಾಗೆ ಮೈಯೆಲ್ಲ ತಿರುಗಿ ನಿಂತಳು.

"ಬರೋ ವರ್ಷ ಹರಡೋದೆಲ್ಲ ಏನೂ ಬೇಡ ಅಮ್ಮೋರೆ. ಮುಳ್ಳು ಹಾಕದೆ ಇದ್ರೆ ಸಾಕು."

ಬದುವಿನ ಮೇಲೆ ಸಾರಮ್ಮ ಕೋಲು ಕುಟ್ಟಿ ನಕ್ಕಳು. ಮಾರ್ತಮ್ಮ ಮನೆಗೆ ಹೊರಟಳು. ಬದುವಿನ ಬುಡದಲ್ಲಿ, ಕೂಳೆಯ ಮರೆಯಲ್ಲಿ, ಅವರ ಕಣ್ಣು ತಪ್ಪಿದ ಒಂದು ತೆನೆ ಬಿದ್ದಿತ್ತು. ಬಗ್ಗಿದಳು. ಹೆಬ್ಬೆರಳು ಕೆಳಗೆ ಹಾಕಿ, ಈಗ ಚೆನ್ನಾಗಿ ಕಲಿತಿದ್ದ ಹಾಗೆ, ಒಂದು ಕಾಳೂ ಉದುರದಂತೆ ಎತ್ತಿದಳು. ಕೈಯಲ್ಲಿ ಒಂದು ಗಳಿಗೆ ಹಿಡಿದಿದ್ದು, ಮತ್ತೆ ಬಗ್ಗಿ, ಬೇರೆ ದಿಕ್ಕಿಗೆ ತಲೆ ಮಾಡಿ ಅಲ್ಲೇ ಇಟ್ಟಳು.